ನೂರೈವತ್ತು ರೂಪಾಯಿಯ ನಂಬಿಕೆ

ಕಳೆದ ಮೇ ತಿಂಗಳಲ್ಲಿ ನಮ್ಮ ಬಳಗದ ನಾಲ್ವರು ಡೊಂಬಿವಲಿಯಿಂದ ಕುಂದಾಪುರಕ್ಕೆ ಹೊರಟೆವು. ಬಳಗದ ಹಿರಿಯರೊಬ್ಬರ ಮಗಳ ಮದುವೆ. ಕಾರು ಮಾಸ್ತರರದು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅವರನ್ನು ನಾವೆಲ್ಲ ಮಾಸ್ತರರೆಂದೇ ಕರೆಯುತ್ತೇವೆ. ಬೆಳಗಿನ ನಾಲ್ಕಕ್ಕೆ ಶಿಳ್‌ಫಾಟಾ ದಾಟಿ, ಪನವೇಲಿನಲ್ಲಿ ಗೋವಾ ಹೆದ್ದಾರಿ ಹಿಡಿದು, ಮಹಾಡ, ಪೋಲಾದಪುರ, ಖೇಡ್‌ಗಳನ್ನು ಹಿಂದೆ ಹಾಕಿ ಪರಶುರಾಮ ಘಾಟಿ ಇಳಿಯುತ್ತಿರುವಾಗ ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಅದು ಎಣ್ಣೆಗಿಂಡಿಯ ಚಿತ್ರವೆಂದು ನಾವು ಗುರುತಿಸಿದ್ದು ಆಮೇಲೆ. ಘಾಟಿಯ ನಡುವೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಮೂರು ನಾಲ್ಕು ನಿಮಿಷ ಹಾಗೆಯೇ ಇಳಿದೆವು. ಕೆಳಗೆ ಚಿಪಳೂಣಿನ ವಾಶಿಷ್ಠಿ ನದಿ ಕಾಣುವ ಹೊತ್ತಿಗೆ ಎಂಜಿನ್ನಿನೊಳಗಿಂದ ಒನಕೆಯಿಂದ ಕುಟ್ಟಿದಂಥ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು.

ಊರಿನ ಗ್ಯಾರೇಜಿನವರು ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದರು. ಎಣ್ಣೆ ಇರಬೇಕಾದಷ್ಟೂ ಇತ್ತು. ಆಮೇಲೆ ಆಯಿಲ್ ಫಿಲ್ಟರನ್ನು ತಿರುಗಿಸಿ ಬಿಚ್ಚಿ, ಗರಗಸದಿಂದ ಸುತ್ತಲೂ ಕೊಯ್ದು, ತೆಂಗಿನಕಾಯಿಯಂತೆ ಎರಡು ಹೋಳು ಮಾಡಿ ನಮ್ಮ ಮುಂದಿಟ್ಟರು. ಒಳಗಿನ ಕಾಗದ ಮುದ್ದೆಯಾಗಿತ್ತು. ಅದಕ್ಕೆ ಬೆನ್ನೆಲುಬಾಗಿ ನಿಲ್ಲಬೇಕಾದ ತಗಡಿನ ಕೊಳವೆ ನಜ್ಜುಗುಜ್ಜಾಗಿ ಎಣ್ಣೆ ಹೊರಬರುವ ದಾರಿಯನ್ನೇ ಮುಚ್ಚಿತ್ತು. ಅಂಥ ಸಮಯದಲ್ಲಿ ತೆರೆದುಕೊಳ್ಳಬೇಕಾದ ಪುಟ್ಟ ವಾಲ್ವ್ ಜಿಗುಟಿನಲ್ಲಿ ಸಿಕ್ಕಿ ಅಲ್ಲಾಡುತ್ತಿರಲಿಲ್ಲ. ನಾವು ಬಸ್ಸು ಹಿಡಿದು ಮದುವೆಮನೆ ತಲುಪುವಾಗ ಮುಹೂರ್ತ ಮುಗಿದಿತ್ತು. ಕಾರು ಲಾರಿಯೇರಿ ಕಲ್ಯಾಣಕ್ಕೆ ಮರಳಿತು. ರಿಪೇರಿಗೆ ಎಪ್ಪತ್ತೆರಡು ಸಾವಿರ ರೂಪಾಯಿ ಬಿತ್ತು. ಮಾಸ್ತರರ ಪಿಂಚಣಿಯಲ್ಲಿ ಅದು ಸಣ್ಣ ಮೊತ್ತವಲ್ಲ.

ಹಣದ ನಷ್ಟಕ್ಕಿಂತ ಹೆಚ್ಚಿನದೊಂದು ಅದರ ಬೆನ್ನಿಗೇ ಬಂತು. ಮಾಸ್ತರರ ಕಾರನ್ನು ಹದಿನೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ಕಲ್ಯಾಣದ ಒಬ್ಬ ಮೆಕ್ಯಾನಿಕ್, ಜಮಖಂಡಿ ಕಡೆಯವನು. ಆತನ ಮಗಳಿಗೆ ಮಾಸ್ತರರು ಉಚಿತವಾಗಿ ಪಾಠ ಹೇಳಿದ್ದರು. ಆ ಫಿಲ್ಟರ್ ಹಾಕಿದವನೂ ಆತನೇ. ನಾವೆಲ್ಲ ಸೇರಿ ಆತನ ಗ್ಯಾರೇಜಿಗೆ ಹೋಗಿ, ಹೋಳಾದ ಫಿಲ್ಟರನ್ನು ಮೇಜಿನ ಮೇಲಿಟ್ಟು, ಸಿಟ್ಟಿನಿಂದ ಕೇಳಬಾರದ ಮಾತುಗಳನ್ನೂ ಕೇಳಿದೆವು. ಆತ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ಹೇಳಿದ: "ಮಾಸ್ತರ್ರ, ಹೋದ ಸಲ ಮುನ್ನೂರು ಕಮ್ಮಿ ಮಾಡು ಅಂದ್ರಿ. ಆಯಿಲ್ ಡಬ್ಬಿ ಪ್ಯಾಕ್ ಇರ್ತೈತಿ, ಅದರಾಗ ಕಮ್ಮಿ ಮಾಡಾಕ ಬರೂದಿಲ್ಲ. ನನ್ನ ಮಜೂರಿ ಇರೂದ ಅಷ್ಟು. ಮತ್ತ ಎಲ್ಲಿಂದ ಕಮ್ಮಿ ಮಾಡ್ಲಿ? ಕಂಪನಿ ಫಿಲ್ಟರ್ ಬಿಟ್ಟು ಅಗ್ಗದ್ದು ಹಾಕಿದೆ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಹತ್ತು ಸಾವಿರಕ್ಕ ಬರ್ರಿ ಅಂದಿದ್ದೆ, ಹದಿಮೂರು ಸಾವಿರ ಓಡಿಸಿದ್ರಿ. ತಪ್ಪು ಬರೇ ನನ್ನದ ಏನ್ರಿ?"

ನಮ್ಮಲ್ಲಿ ಯಾರ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ. ಆ ಉತ್ತರ ಹುಡುಕುವುದಕ್ಕಾಗಿಯೇ ಈ ಲೇಖನ. ಸಾಹಿತ್ಯದ ಬಳಗಕ್ಕೆ ಆಯಿಲ್ ಫಿಲ್ಟರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಚದುರಿಹೋಗಿರುವ ನಾವು ತಿಂಗಳಿಗೊಮ್ಮೆ ಒಂದೆಡೆ ಸೇರುವುದೇ ಈ ಕಾರುಗಳ ದಯೆಯಿಂದ. ಅಲ್ಲದೆ, ನೂರೈವತ್ತು ರೂಪಾಯಿಯ ವಸ್ತುವೊಂದು ಹದಿನೆಂಟು ವರ್ಷದ ವಿಶ್ವಾಸವನ್ನು ಕೆಡಿಸಬಲ್ಲುದಾದರೆ ಅದು ಬರಿಯ ಯಂತ್ರದ ವಿಷಯವಾಗಿ ಉಳಿಯುವುದಿಲ್ಲ.

ಮೊದಲು ವಸ್ತುವನ್ನು ಅರಿಯೋಣ. ನಮ್ಮ ಮನೆಗಳಲ್ಲಿ ಕಾಫಿಯ ಡಿಕಾಕ್ಷನ್ ಇಳಿಸುವ ಫಿಲ್ಟರ್ ಇದೆ. ಎಂಜಿನ್ನಿನದೂ ಅದೇ ಕುಲದ್ದು, ಕೆಲಸ ಮಾತ್ರ ಕಠಿಣ. ಕಾಫಿ ತನ್ನ ಭಾರದಿಂದಲೇ ನಿಧಾನವಾಗಿ ತೊಟ್ಟಿಕ್ಕುತ್ತದೆ. ಎಂಜಿನ್ನಿನ ಎಣ್ಣೆಯನ್ನು ಪಂಪು ಒತ್ತಡದಿಂದ ನೂಕುತ್ತದೆ, ಗಾಡಿ ಓಡುವಷ್ಟು ಹೊತ್ತೂ ಅದೇ ಎಣ್ಣೆ ನಿಮಿಷಕ್ಕೆ ಹಲವು ಸಲ ಅದೇ ಕಾಗದವನ್ನು ಹಾಯುತ್ತದೆ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಮೋಟಾರು ಗಾಡಿಗೆಂದು ರೂಪಿಸಿದ ಎಣ್ಣೆಶೋಧಕಕ್ಕೆ 'ಪ್ಯೂರೊಲೇಟರ್' ಎಂದು ಹೆಸರಿಟ್ಟರು. ಮೊದಮೊದಲ ಶೋಧಕಗಳು ಎಣ್ಣೆಯ ಒಂದು ಪಾಲನ್ನಷ್ಟೇ ಸೋಸುತ್ತಿದ್ದವು. ಎಲ್ಲ ಎಣ್ಣೆಯನ್ನೂ ಸೋಸಿಯೇ ಮುಂದಕ್ಕೆ ಬಿಡುವ ಪದ್ಧತಿ ಬಂದದ್ದು ಆಮೇಲೆ. ಡಬ್ಬಿಯಂತೆ ತಿರುಗಿಸಿ ಕೂಡಿಸುವ, ಕೆಟ್ಟಾಗ ಇಡಿಯಾಗಿ ಎಸೆಯುವ ಈಗಿನ ಫಿಲ್ಟರ್ 1950ರ ದಶಕದ್ದು.

ಒಳಗಿರುವುದು ಆರೇಳು ಭಾಗಗಳು ಮಾತ್ರ: ತಗಡಿನ ಹೊರಕವಚ, ಮಡಿಕೆ ಮಡಿಕೆಯಾಗಿ ಮಡಚಿ ಉರುಳೆ ಮಾಡಿದ ಕಾಗದ, ಕಾಗದ ಕುಸಿಯದಂತೆ ನಡುವೆ ರಂಧ್ರಗಳಿರುವ ಲೋಹದ ಕೊಳವೆ, ಕಾಗದದ ಎರಡು ತುದಿಗಳಿಗೆ ಮುಚ್ಚಳ, ಗಾಡಿ ನಿಂತಾಗ ಎಣ್ಣೆ ಹಿಂದಕ್ಕೆ ಹರಿದು ಹೋಗದಂತೆ ತಡೆಯುವ ರಬ್ಬರಿನ ವಾಲ್ವ್, ಕಾಗದ ಕಟ್ಟಿಕೊಂಡರೆ ಎಣ್ಣೆಗೆ ಬದಲಿ ದಾರಿ ತೆರೆಯುವ ಸ್ಪ್ರಿಂಗ್ ವಾಲ್ವ್, ಎಂಜಿನ್ನಿಗೆ ಅಂಟಿ ಕೂರುವ ರಬ್ಬರ್ ಉಂಗುರ. ಆ ಬದಲಿ ದಾರಿಯ ತತ್ವ ಸರಳ. ಎಣ್ಣೆಯೇ ಬಾರದಿರುವುದಕ್ಕಿಂತ ಕೊಳೆ ಎಣ್ಣೆಯಾದರೂ ಬರುವುದು ಮೇಲು. ಎಣ್ಣೆಯಿಲ್ಲದ ಎಂಜಿನ್ನಿಗೆ ನಿಮಿಷಗಳ ಆಯುಷ್ಯ. ಕೊಳೆ ಎಣ್ಣೆಯ ಎಂಜಿನ್ನಿಗೆ ವರ್ಷಗಳ ಸವೆತ.

ಎಷ್ಟು ಸಣ್ಣ ಕೊಳೆಯ ಮಾತು ಇದು? ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕ್ರ್ಯಾಂಕ್‌ಶಾಫ್ಟ್‌ಗೂ ಅದನ್ನು ಹೊತ್ತ ಬೇರಿಂಗಿಗೂ ನಡುವಿನ ಸಂದು ಕೆಲವು ಹತ್ತು ಮೈಕ್ರಾನ್‌ಗಳಷ್ಟು. ಗಾಡಿ ಓಡುವಾಗ ಭಾರ ಬೀಳುವ ಕಡೆ ಎಣ್ಣೆಯ ಪದರ ಕೆಲವೇ ಮೈಕ್ರಾನ್‌ಗಳಿಗೆ ಇಳಿಯುತ್ತದೆ. ಆ ಪದರಕ್ಕಿಂತ ದಪ್ಪನಾದ ಗಟ್ಟಿ ಕಣವೊಂದು ಅಲ್ಲಿ ಹೊಕ್ಕರೆ ಲೋಹವನ್ನು ಗೀಚುತ್ತದೆ. ಗೀಚಿದ ಪುಡಿಯೂ ಎಣ್ಣೆಗೇ ಸೇರಿ ಇನ್ನಷ್ಟು ಗೀಚುತ್ತದೆ. ಎಂಜಿನ್ನನ್ನು ತಿನ್ನುವ ಕಣಗಳಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬೀಳುವಂಥವೇ ಅಲ್ಲ.

ಜೂನ್ ತಿಂಗಳ ಸಭೆಗೆ ಕಥಾವಾಚನ ನಿಗದಿಯಾಗಿತ್ತು. ಅದನ್ನು ಮುಂದೂಡಿ ಕಲ್ಯಾಣದ ಸದಸ್ಯರೊಬ್ಬರ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ ನಾವು ನಾಲ್ಕು ಫಿಲ್ಟರುಗಳನ್ನು ಕೊಯ್ದು ನೋಡಿದೆವು. ಒಂದು, ಚಿಪಳೂಣಿನಿಂದ ತಂದದ್ದು. ಎರಡನೆಯದು, ಕಾರು ಕಂಪನಿಯ ಅಧಿಕೃತ ಕೌಂಟರಿನಲ್ಲಿ ರಸೀದಿ ಪಡೆದು ಕೊಂಡದ್ದು. ಮೂರನೆಯದು, ಫಿಲ್ಟರ್ ತಯಾರಿಸುವ ಹೆಸರಾಂತ ಸಂಸ್ಥೆಯೊಂದು ತನ್ನದೇ ಪೆಟ್ಟಿಗೆಯಲ್ಲಿ ಮಾರುವಂಥದ್ದು. ನಾಲ್ಕನೆಯದು, ಅಂಗಡಿಯವರು ಗಾಜಿನ ಕಪಾಟಿನಿಂದಲ್ಲ, ಕೆಳಗಿನ ಗೋಣಿಚೀಲದಿಂದ ತೆಗೆದುಕೊಟ್ಟದ್ದು.

ಹೊರಗಿನಿಂದ ನಾಲ್ಕೂ ಒಡಹುಟ್ಟಿದವರಂತಿದ್ದವು. ನಾಲ್ಕನೆಯದರ ಬಣ್ಣವೇ ಎಲ್ಲಕ್ಕಿಂತ ಹೊಳೆಯುತ್ತಿತ್ತು. ಕೊಯ್ದಾಗ ಬೇರೆಯೇ ಕಥೆ. ಎರಡನೆಯದರಲ್ಲೂ ಮೂರನೆಯದರಲ್ಲೂ ಮಡಿಕೆಗಳು ಒತ್ತೊತ್ತಾಗಿ, ಸಮನಾಗಿದ್ದವು. ಬಿಚ್ಚಿ ಹರಡಿದಾಗ ಕಾಗದ ಗೋಡೆ ಕ್ಯಾಲೆಂಡರಿಗಿಂತ ಉದ್ದ ಬಂತು. ಅವೆರಡರ ನಡುವೆ ನಮ್ಮ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ, ಬೆಲೆಯಲ್ಲಿ ಮಾತ್ರ ಇತ್ತು. ನಾಲ್ಕನೆಯದರಲ್ಲಿ ಮಡಿಕೆಗಳು ಅವುಗಳ ಅರ್ಧದಷ್ಟಿದ್ದವು. ಒಂದು ಕಡೆ ಕಾಗದದ ಅಂಚು ಮುಚ್ಚಳಕ್ಕೆ ಅಂಟಿಯೇ ಇರಲಿಲ್ಲ. ಬೆರಳು ತೂರುವಷ್ಟು ಬಿರುಕು. ಎಣ್ಣೆ ಕಾಗದವನ್ನು ಹಾಯುವ ಕಷ್ಟವನ್ನೇ ತೆಗೆದುಕೊಳ್ಳದೆ ಆ ಬಿರುಕಿನಿಂದ ದಾಟಿಹೋಗಬಹುದಿತ್ತು. ರಬ್ಬರ್ ಹಾಳೆ ಒಣ ಹಪ್ಪಳದಂತೆ ಗಟ್ಟಿಯಾಗಿತ್ತು. ಅಂಥದ್ದು ರಾತ್ರಿಯಿಡೀ ಎಣ್ಣೆಯನ್ನು ಹಿಡಿದಿಡಲಾರದು. ಬೆಳಗ್ಗೆ ಗಾಡಿ ಚಾಲೂ ಮಾಡಿದಾಗ ಮೊದಲ ಕೆಲವು ಕ್ಷಣ ಎಂಜಿನ್ ಒಣಗಂಟಲಿನಲ್ಲಿ ಕೆಮ್ಮುತ್ತದೆ. ನಾಲ್ಕು ಡಬ್ಬಿ ಕೊಯ್ದು ಪೇಟೆಯ ಜಾತಕ ಬರೆಯಲಾಗದು, ನಿಜ. ಅಂಗಡಿಯ ಕಟ್ಟೆಯ ಮೇಲೆ ಒಂದರಿಂದ ಇನ್ನೊಂದನ್ನು ಗುರುತಿಸುವುದು ನಮ್ಮಂಥವರಿಂದಾಗದು ಎಂಬುದಂತೂ ಅಂದು ಸಿದ್ಧವಾಯಿತು.

ಕಾಗದವನ್ನು ಮುಟ್ಟಿ ನೋಡಿದಾಗ ಒಂದು ನೆನಪಾಯಿತು. ಬಿಸಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆದರೂ ಅದು ಕರಗದಿರಲು ಕಾರಣ ಅದಕ್ಕೆ ಉಣಿಸಿ ಹದವಾಗಿ ಕಾಯಿಸಿದ ರಾಳ. ಬಹಳ ಕಾಲದಿಂದ ಈ ಕೆಲಸಕ್ಕೆ ಬಳಕೆಯಲ್ಲಿರುವುದು ಫೀನಾಲಿಕ್ ರಾಳ, ಅಂದರೆ ಬೇಕಲೈಟಿನ ವಂಶದ್ದು. ನಮ್ಮ ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಬೇಕಲೈಟ್ ಹೈಲಂ ಕಂಪನಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. ಅವರ 'ಶಿಕಾರಿ'ಯಲ್ಲಿ, 1979ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ, ನಾಗಪ್ಪ ಯಾವ ತಪ್ಪಿಗೆಂದು ಸ್ಪಷ್ಟವಾಗಿ ತಿಳಿಯದೆಯೇ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಕಲ್ಯಾಣದ ಗ್ಯಾರೇಜಿನಲ್ಲಿ ನಾವು ನಿಲ್ಲಿಸಿದ್ದೂ ಬಹುಮಟ್ಟಿಗೆ ಅಂಥದೇ ಒಬ್ಬನನ್ನು. ಫಿಲ್ಟರ್ ಕಳಪೆಯಾಗಿದ್ದುದರಿಂದ ಕುಸಿಯಿತೋ, ಮೂರು ಸಾವಿರ ಕಿಲೋಮೀಟರ್ ಹೆಚ್ಚು ಓಡಿಸಿದ್ದರಿಂದ ಕಟ್ಟಿಕೊಂಡು ಕುಸಿಯಿತೋ, ದೀಪ ಹತ್ತಿದ ಮೇಲೂ ಘಾಟಿ ಇಳಿದದ್ದು ಎಷ್ಟು ಕೆಡಿಸಿತೋ, ಯಾರೂ ಬೇರ್ಪಡಿಸಿ ಹೇಳಲಾರರು.

ಈ ವಸ್ತುವಿನ ನಿಜವಾದ ತೊಡಕು ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಕೆಟ್ಟ ಬ್ರೇಕು ಕಿರುಚುತ್ತದೆ. ಕೆಟ್ಟ ಬ್ಯಾಟರಿ ಬೆಳಗ್ಗೆಯೇ ಕೈಕೊಡುತ್ತದೆ. ಕೆಟ್ಟ ಡಿಕಾಕ್ಷನ್ನಿನ ಚರಟ ನಾಲಿಗೆಗೆ ತಾಗುತ್ತದೆ. ಕೆಟ್ಟ ಆಯಿಲ್ ಫಿಲ್ಟರ್ ಮಾತ್ರ ಏನನ್ನೂ ಹೇಳುವುದಿಲ್ಲ. ಒಳಗೆ ಬಿರುಕು ಬಿಟ್ಟದ್ದಾದರೆ ಎಣ್ಣೆಯ ಒತ್ತಡ ಚೆನ್ನಾಗಿಯೇ ಇರುತ್ತದೆ, ದೀಪವೂ ಹತ್ತುವುದಿಲ್ಲ. ಐದಾರು ವರ್ಷಗಳ ಮೇಲೆ ಎಂಜಿನ್ ಹೊಗೆಯುಗುಳತೊಡಗಿದಾಗ "ಗಾಡಿಗೆ ವಯಸ್ಸಾಯಿತು" ಎನ್ನುತ್ತೇವೆ. ಮಾಸ್ತರರ ಫಿಲ್ಟರ್ ಒಂದೇ ಸಲಕ್ಕೆ ಕುಸಿದು ಸಿಕ್ಕಿಬಿತ್ತು, ಸಿಕ್ಕಿಬೀಳದವು ಎಷ್ಟೋ. ಪರೀಕ್ಷಿಸಲಾಗದ ವಸ್ತುವನ್ನು ಕೊಳ್ಳುವಾಗ ನಾವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಯಾರದೋ ಮಾತನ್ನು. ಆ ಮಾತು ಯಾರದು, ನಾಳೆ ಅದಕ್ಕೆ ಬದ್ಧರಾಗಿ ನಿಲ್ಲುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದು ನಮ್ಮ ಸಭೆಯಲ್ಲಿಯೇ ಬಂತು: ಲೋಕಲ್ ಮಾಲು ಬೇಡ, ಕಂಪನಿಯದನ್ನೇ ಕೊಳ್ಳಿ. ನಾವು ಇದನ್ನು ಪೂರ್ತಿ ಒಪ್ಪುವುದಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು ನೆನೆಯಿರಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷ ಓಡಿ 2023ರ ಅಕ್ಟೋಬರಿನಲ್ಲಿ ಅದು ವಿದಾಯ ಹೇಳಿತು. ಅವುಗಳನ್ನು ತಯಾರಿಸುವುದು ನಿಂತ ಮೇಲೂ ಅಷ್ಟು ಕಾಲ ಉಳಿಸಿದ್ದು ಕುರ್ಲಾದ ಗುಜರಿ ಅಂಗಡಿಗಳು, ಸಣ್ಣ ವರ್ಕ್‌ಶಾಪುಗಳು, ಹೆಸರಿಲ್ಲದ ಕೈಗಳು. ಪ್ರೀಮಿಯರ್ ಕಂಪನಿ 1990ರ ದಶಕದಲ್ಲಿ ನಮ್ಮ ಡೊಂಬಿವಲಿಯ ಪಕ್ಕದಲ್ಲೇ, ಕಲ್ಯಾಣ-ಶಿಳ್ ರಸ್ತೆಯ ಕಾರ್ಖಾನೆಯಲ್ಲಿ ಪ್ಯೂಜೋ ಕಾರನ್ನೂ ಕಟ್ಟಿತು. ಕಾರ್ಖಾನೆ ಹೋಯಿತು, ಕಾರೂ ಹೋಯಿತು. ಅದರ ಬಿಡಿಭಾಗಗಳಿಗಾಗಿ ಪರದಾಡಿದವರು ನಮ್ಮಲ್ಲೇ ಇದ್ದಾರೆ. ದೊಡ್ಡ ಹೆಸರೂ ಶಾಶ್ವತ ಆಸರೆಯಲ್ಲ.

ನಕಲಿ ಎಂದೊಡನೆ ಕಲ್ಯಾಣದ ನೆರೆಯ ಉಲ್ಹಾಸನಗರದ ಹೆಸರೆತ್ತಿ ನಗುವುದು ಇಲ್ಲಿನ ಹಳೆಯ ಚಾಳಿ. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಸಿಂಧಿ ಜನ ನಿರಾಶ್ರಿತರ ಶಿಬಿರದಿಂದ ಕಟ್ಟಿಕೊಂಡ ಊರು ಅದು. ದೆಹಲಿಯ ಕಾಶ್ಮೀರಿ ಗೇಟಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಚಾ ವ್ಯಾಪಾರಿಗಳೂ ಇದ್ದಾರೆ, ಬೇರೆಯವರೂ ಇದ್ದಾರೆ. ಎಲ್ಲ ಪೇಟೆಯೂ ಹಾಗೆಯೇ. ಊರಿಗೊಂದು ಅಪವಾದ ಹೊರಿಸಿದರೆ ನಮ್ಮ ಹೊಣೆ ಹಗುರಾಗುವುದೇ ಹೊರತು ಫಿಲ್ಟರ್ ಸುಧಾರಿಸುವುದಿಲ್ಲ.

ಇನ್ನು 'ಕಂಪನಿ ಮಾಲು' ಎಂಬ ಮಾತು. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ತಯಾರಕರಿಂದ ಮಾಡಿಸಿ ತಮ್ಮ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತವೆ. ಅದೇ ತಯಾರಕರ ಮಾಲು ಅವರದೇ ಪೆಟ್ಟಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುವಂತಿದ್ದರೆ ಮೆಕ್ಯಾನಿಕ್‌ಗೂ ನಮಗೂ ಗೋಣಿಚೀಲದ ಮಾಲಿನ ಹಂಗು ಬೇಕಿಲ್ಲ. ಆದರೆ ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರೆಯಗೊಡುತ್ತಿಲ್ಲವೆಂಬ ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡಬೇಕು. ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಪೂರ್ತಿ ರದ್ದು ಮಾಡುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟರ ಮಟ್ಟಿಗೆ ಮಾತ್ರ ಅದನ್ನು ನಿರಾಕರಿಸಬಹುದು ಎಂದಿತು. ಮುಂದೆ ಅದು ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಎಳೆದಾಡಿತು. ಆಗ ಎದ್ದ ಪ್ರಶ್ನೆ ಈಗಲೂ ನಮ್ಮ ಮೆಕ್ಯಾನಿಕ್‌ನ ಅಂಗಳದಲ್ಲಿ ಹಾಗೆಯೇ ಬಿದ್ದಿದೆ. ಒಳ್ಳೆಯ ಮಾಲು ದುಬಾರಿಯಾಗಿ, ದೂರವಾಗಿ ಇದ್ದಷ್ಟೂ ಕಳ್ಳಮಾಲಿಗೆ ಅಂಗಳ ಅಗಲವಾಗುತ್ತದೆ.

ಕಳಪೆ ಬೇರೆ, ನಕಲಿ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ತನ್ನ ಹೆಸರು ಹಾಕಿಕೊಂಡು "ಇಂಥ ಕಾರಿಗೆ ಹೊಂದುತ್ತದೆ" ಎಂದು ಪ್ರಾಮಾಣಿಕವಾಗಿ ಬರೆದು ಮಾರುವುದು ತಪ್ಪಲ್ಲ. ಬಿಡಿಭಾಗಗಳ ವಿಷಯದಲ್ಲಿ ಅಂಥ ಸಮಂಜಸ ಬಳಕೆಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇನ್ನೊಬ್ಬರ ಹೆಸರನ್ನೇ ಅಂಟಿಸಿ ಮಾರುವುದು ಅದೇ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಸಜೆಗೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಯಾಗುವ ಅಪರಾಧ. ಆದರೆ ಮಾಸ್ತರರ ಫಿಲ್ಟರ್ ಈ ಎರಡೂ ಅಲ್ಲ. ಅದರ ಮೇಲೆ ಹೆಸರೇ ಇರಲಿಲ್ಲ.

ಹೆಸರಿಲ್ಲದ ಮಾಲಿನ ಬಗ್ಗೆ ಕಾನೂನು ಮೌನವಾಗಿದೆ ಎಂದು ನಾವು ತಿಳಿದಿದ್ದೆವು. ಹಾಗಿಲ್ಲ. ಪೆಟ್ಟಿಗೆಯಲ್ಲಿ ಮಾರುವ ವಸ್ತುವಿನ ಮೇಲೆ ತಯಾರಕರ ಹೆಸರು-ವಿಳಾಸ, ತಯಾರಾದ ತಿಂಗಳು-ವರ್ಷ, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇರಲೇಬೇಕೆಂದು 2011ರ ನಿಯಮಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರ 86ನೆಯ ಕಲಮಿನ ಪ್ರಕಾರ, ದೋಷವಿರುವ ವಸ್ತುವಿನ ತಯಾರಕರು ಯಾರೆಂದು ತಿಳಿಯದೆ ಹೋದರೆ ಮಾರಿದವರನ್ನೇ ಹೊಣೆ ಮಾಡಬಹುದು. ದೂರು ಕೊಡಲು ಎರಡು ವರ್ಷ ಅವಧಿ ಇದೆ. ಐದು ಲಕ್ಷ ರೂಪಾಯಿವರೆಗಿನ ವಸ್ತು-ಸೇವೆಗಳಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಇಷ್ಟೆಲ್ಲ ಇದ್ದೂ ಮಾಸ್ತರರು ಒಂದು ಹೆಜ್ಜೆಯನ್ನೂ ಇಡಲಾಗಲಿಲ್ಲ. ಏಕೆಂದರೆ ಮೆಕ್ಯಾನಿಕ್ ಆ ಫಿಲ್ಟರನ್ನು ತಂದ ಅಂಗಡಿಯ ರಸೀದಿ ಆತನ ಬಳಿ ಇರಲಿಲ್ಲ. ಆತ ಮಾಡಿದ ಕೆಲಸದ ರಸೀದಿ ಮಾಸ್ತರರ ಬಳಿ ಇರಲಿಲ್ಲ. ಹದಿನೆಂಟು ವರ್ಷ ರಸೀದಿ ಕೇಳದಿರುವುದನ್ನೇ ಇಬ್ಬರೂ ವಿಶ್ವಾಸವೆಂದು ತಿಳಿದಿದ್ದರು.

ಇಲ್ಲಿ ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ವಾಶಿಯ ಮಾಲ್‌ನಲ್ಲಿ ಒಂದು ಬಟ್ಟಲು ಕಾಫಿಗೆ ಮುನ್ನೂರು ಕೊಡುವಾಗ ನಾವು ತುಟಿ ಬಿಚ್ಚುವುದಿಲ್ಲ. ಗ್ಯಾರೇಜಿನಲ್ಲಿ ಮುನ್ನೂರು ಉಳಿಸಿದರೆ ಜಾಣರೆಂದು ಬೀಗುತ್ತೇವೆ. ಮೆಕ್ಯಾನಿಕ್‌ನ ಮಜೂರಿಯನ್ನು ನಾವು ಕೌಶಲವೆಂದು ಎಣಿಸದೆ ಬರಿಯ ತಿರುಪು ಬಿಚ್ಚುವ ಕೂಲಿಯೆಂದು ಎಣಿಸುತ್ತೇವೆ. ಮಜೂರಿಯಲ್ಲಿ ಹೊಟ್ಟೆ ತುಂಬದವನು ಬಿಡಿಭಾಗದ ಅಂತರದಲ್ಲಿ ತುಂಬಿಕೊಳ್ಳುತ್ತಾನೆ. ನೂರೈವತ್ತರ ಫಿಲ್ಟರಿನ ಜಾಗದಲ್ಲಿ ಅರವತ್ತರದು ಬರುವುದು ಹೀಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ನಾವು ಅಡಿಕೆಗಾಗಿ ಚೌಕಾಸಿ ಮಾಡಿ ಆನೆಯನ್ನೇ ಕಳೆದುಕೊಂಡೆವು. ಮಾನದ ಮಾತು ಬೇರೆ.

ನಮ್ಮ ರಸ್ತೆಗಳೂ ಫಿಲ್ಟರಿನ ಕೆಲಸವನ್ನು ಹಗುರ ಮಾಡುವುದಿಲ್ಲ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ವಾಸಿಸುವ ಗೆಳೆಯರಿಗೆ ಹತ್ತು ಕಿಲೋಮೀಟರ್ ದಾಟಲು ಕೆಲವು ಸಂಜೆ ಒಂದು ಗಂಟೆ ಹಿಡಿಯುತ್ತದೆ. ಓಡೋಮೀಟರ್ ಹತ್ತೇ ಕಿಲೋಮೀಟರ್ ಎಣಿಸಿದರೂ ಎಂಜಿನ್ ದುಡಿದಿರುವುದು ಒಂದು ಗಂಟೆ. ಶಿಳ್‌ಫಾಟಾದ ಧೂಳು, ಮಳೆಗಾಲದ ತೇವ, ಎಂಜಿನ್ ಕಾಯುವ ಮುನ್ನವೇ ಮುಗಿಯುವ ಸಣ್ಣ ಓಟಗಳು, ಇವೆಲ್ಲ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಕಠಿಣ ಬಳಕೆಯಲ್ಲಿ ಎಣ್ಣೆ-ಫಿಲ್ಟರುಗಳನ್ನು ಮೊದಲೇ ಬದಲಿಸಿ ಎಂದು ಕಾರಿನ ಕೈಪಿಡಿಗಳೇ ಬರೆದಿರುತ್ತವೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ವಾಕ್ಯದ ಎರಡನೆಯ ಅರ್ಧವನ್ನು ನಮ್ಮಲ್ಲಿ ಬಹಳ ಮಂದಿ ಓದಿಯೇ ಇಲ್ಲ. ಓದುವುದನ್ನೇ ಹವ್ಯಾಸವಾಗಿಸಿಕೊಂಡವರು ನಾವು!

ಹಾಗಾದರೆ ಏನಾಗಬೇಕು? ನಮ್ಮ ಮೊದಲ ಬೇಡಿಕೆ ತಯಾರಕರಿಗೆ. ಫಿಲ್ಟರ್ ಎಷ್ಟು ಸೋಸುತ್ತದೆಂದು ಅಳೆಯುವ ವಿಧಾನ ಜಗತ್ತಿಗೆ ಗೊತ್ತಿದೆ; ಐಎಸ್‌ಒ 4548 ಎಂಬ ಅಂತರರಾಷ್ಟ್ರೀಯ ಮಾನಕದ 12ನೆಯ ಭಾಗ ಅದಕ್ಕಾಗಿಯೇ ಇದೆ. ಇಂತಿಷ್ಟು ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ತಡೆಯುತ್ತದೆ ಎಂಬ ಒಂದು ಸಾಲನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಏನು ಕಷ್ಟ? ನಾವು ಕೊಂಡ ಪೆಟ್ಟಿಗೆಗಳಲ್ಲಿ ಯಾವ ಯಾವ ಕಾರಿಗೆ ಹೊಂದುತ್ತದೆ ಎಂಬ ಪಟ್ಟಿ ಇತ್ತು, ಮಿನುಗುವ ಹಾಲೊಗ್ರಾಂ ಇತ್ತು. ಆ ಒಂದು ಸಾಲು ಇರಲಿಲ್ಲ. ಹಾಲೊಗ್ರಾಂ ಹೆಸರಿಗೆ ಸಾಕ್ಷಿಯೇ ಹೊರತು ಗುಣಕ್ಕಲ್ಲ.

ಎರಡನೆಯದು ಸರ್ಕಾರಕ್ಕೆ. ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಟೈರಿನ ಮೈಮೇಲೂ ಆ ಗುರುತನ್ನು ಕಾಣುತ್ತೇವೆ. ಹೆದ್ದಾರಿಯ ನಡುವೆ, ಘಾಟಿಯ ತಿರುವಿನಲ್ಲಿ ಎಂಜಿನ್ ಸ್ತಬ್ಧವಾದರೆ ಹಿಂದಿನಿಂದ ಬರುವ ಲಾರಿಗೆ ಫಿಲ್ಟರಿನ ಬೆಲೆ ತಿಳಿದಿರುವುದಿಲ್ಲ. ಆಯಿಲ್ ಫಿಲ್ಟರನ್ನೂ ಪ್ರಾಣರಕ್ಷಣೆಯ ಭಾಗವೆಂದು ಪರಿಗಣಿಸಿ ಅದಕ್ಕೂ ಕಡ್ಡಾಯ ಗುರುತನ್ನು ತರಬೇಕು. ಪೆಟ್ಟಿಗೆಯ ಮೇಲಿನ ವಿವರಗಳ ಬಗ್ಗೆ ಈಗಾಗಲೇ ಇರುವ ನಿಯಮವನ್ನು ಗೋಣಿಚೀಲದವರೆಗೂ ಒಯ್ಯಬೇಕು.

ಇದರಿಂದ ಬಡ ಗಿರಾಕಿಗೆ ಬೆಲೆ ಏರದೇ ಎಂದು ಕೋಪರ್‌ಖೈರಣೆಯ ಗೆಳೆಯರೊಬ್ಬರು ಕೇಳಿದರು. ದಿನಕ್ಕೆ ಇನ್ನೂರು ಕಿಲೋಮೀಟರ್ ಬಾಡಿಗೆ ಓಡಿಸುವ ತಮ್ಮ ತಮ್ಮನು ಅಗ್ಗದ ಫಿಲ್ಟರನ್ನೇ ಹಾಕಿ ಎರಡು ಲಕ್ಷ ಕಿಲೋಮೀಟರ್ ಮುಗಿಸಿದ್ದಾನೆಂದೂ ಹೇಳಿದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ತಮ್ಮ ಐದು ಸಾವಿರಕ್ಕೊಮ್ಮೆ ತಪ್ಪದೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುತ್ತಾನೆ, ಕಾಗದ ಕಟ್ಟಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಅಗ್ಗದ್ದನ್ನು ಕೊಂಡವನಿಗೆ ತಾನು ಕೊಂಡದ್ದು ಏನೆಂದು ತಿಳಿದಿದ್ದರೆ ಅವನು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾನೆ. ಮಾಸ್ತರರಿಗೆ ಅದು ತಿಳಿದಿರಲಿಲ್ಲ.

ಮೂರನೆಯ ಬೇಡಿಕೆ ನಮಗೆ ನಾವೇ ಇಟ್ಟುಕೊಂಡದ್ದು. ಫಿಲ್ಟರಿನ ಪೆಟ್ಟಿಗೆಯನ್ನು ನಮ್ಮ ಮುಂದೆಯೇ ತೆರೆಯಬೇಕು. ಬಿಚ್ಚಿದ ಹಳೆಯದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿಲ್ಲವಷ್ಟೆ ಎಂದು ಕೇಳಬೇಕು. ಹಳೆಯದನ್ನು ಮೋರಿಗೆ ಎಸೆಯದೆ, ಎಣ್ಣೆ ಬಸಿದು, ಅಧಿಕೃತವಾಗಿ ಕೊಳ್ಳುವವರಿಗೆ ಕೊಡಲು ಗ್ಯಾರೇಜಿನಲ್ಲಿ ಬಿಡಬೇಕು. ರಸೀದಿಯಲ್ಲಿ ಫಿಲ್ಟರಿನ ತಯಾರಕರ ಹೆಸರು ಬರೆಸಬೇಕು. ಮಜೂರಿಯಲ್ಲಿ ಚೌಕಾಸಿ ಮಾಡಬಾರದು. ರಸೀದಿ ಕೇಳುವುದು ಅವಿಶ್ವಾಸವಲ್ಲ. ನಾಳೆ ಏನಾದರೂ ಆದರೆ ತಪ್ಪು ಯಾರದೆಂದು ಅದು ಹೇಳುತ್ತದೆ. ಅಷ್ಟೇ ಮುಖ್ಯವಾಗಿ, ತಪ್ಪು ಯಾರದಲ್ಲವೆಂದೂ ಹೇಳುತ್ತದೆ. ಮೆಕ್ಯಾನಿಕ್‌ನ ಬಳಿ ಆ ತುಂಡು ಕಾಗದವಿದ್ದಿದ್ದರೆ ಅಂದು ನಾವಾಡಿದ ಮಾತುಗಳನ್ನು ಆತ ಕೇಳಬೇಕಾಗಿರಲಿಲ್ಲ. ಫಿಲ್ಟರ್ ಮಾರಿದ ಅಂಗಡಿಗೆ ನಾವು ಆತನೊಂದಿಗೇ ಹೋಗಬಹುದಿತ್ತು.

ಆಗಸ್ಟಿನಲ್ಲಿ ಕಾರು ಮತ್ತೆ ಸರ್ವಿಸ್‌ಗೆ ಬಂತು. ಬೇರೆ ಗ್ಯಾರೇಜು ಹುಡುಕಿಕೊಟ್ಟಿದ್ದೆವು; ಮಾಸ್ತರರು ಕೇಳಲಿಲ್ಲ, ಕಲ್ಯಾಣಕ್ಕೇ ಹೋದರು. ನಮ್ಮಲ್ಲಿ ಇಬ್ಬರು ಜೊತೆಗಿದ್ದೆವು. ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆತ ಪೆಟ್ಟಿಗೆಯನ್ನು ಮಾಸ್ತರರ ಕೈಗೇ ಕೊಟ್ಟ. ಅವರು ಕನ್ನಡಕ ಏರಿಸಿ ಹೆಸರು, ತಿಂಗಳು, ಬೆಲೆ ಓದಿ ಮರಳಿ ಕೊಟ್ಟರು. ಕೆಲಸ ಮುಗಿದ ಮೇಲೆ ಆತ ಒಳಗಿನಿಂದ ಹೊಸದೊಂದು ರಸೀದಿ ಪುಸ್ತಕ ತಂದು, ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿ, ಮೊದಲ ಹಾಳೆಯ ನಡುವೆ ಕಾರ್ಬನ್ ಇಟ್ಟ. ಸಂಖ್ಯೆ 1. ಬರೆಯುತ್ತಾ ಅರ್ಧಕ್ಕೆ ನಿಂತು, "ಮಾಸ್ತರ್ರ, ಇಂಗ್ಲಿಷಿನಾಗ ಫಿಲ್ಟರ್ ಹೆಂಗ ಬರೀತಾರ್ರಿ?" ಎಂದ. ಮಾಸ್ತರರು ಒಂದೊಂದೇ ಅಕ್ಷರವಾಗಿ ಹೇಳಿ ಬರೆಯಿಸಿದರು.